ಕುರ್ಚಿ, ಬೀರು, ಕಡತ: ಕಚೇರಿಯೊಂದು ನೆಲೆಯೂರುವ ಬಗೆ

ಹೊಸ ಕಟ್ಟಡದ ಬಣ್ಣದ ವಾಸನೆ ಇನ್ನೂ ಆರಿರುವುದಿಲ್ಲ. ಉದ್ಘಾಟನೆಗೆ ಕಟ್ಟಿದ ಮಾವಿನ ತೋರಣ ಬಾಗಿಲಲ್ಲೇ ಒಣಗುತ್ತಿರುತ್ತದೆ. ಅಷ್ಟರಲ್ಲಿ ಲಾರಿಯೊಂದು ಬಂದು ನಿಲ್ಲುತ್ತದೆ. ಅದರಿಂದ ಮೊದಲು ಇಳಿಯುವುದು ಸಾಹೇಬರ ಮೇಜು. ನಂತರ ಅವರ ಕುರ್ಚಿ. ಆಮೇಲೆ ಗುಮಾಸ್ತರ ಮೇಜುಗಳು, ಕಬ್ಬಿಣದ ಬೀರುಗಳು, ಬಟ್ಟೆಯಲ್ಲಿ ಕಟ್ಟಿದ ಕಡತದ ಗಂಟುಗಳು. ಎಲ್ಲ ಮುಗಿದ ಮೇಲೆ ಜಾಗ ಮಿಕ್ಕರೆ, ಹಣವೂ ಮಿಕ್ಕರೆ, ಪಡಸಾಲೆಗೆ ಒಂದು ಬೆಂಚು.

ಸಾಮಾನು ಇಳಿಯುವ ಈ ಸರದಿಯನ್ನು ಯಾರೂ ಕುಳಿತು ಯೋಚಿಸಿ ಮಾಡಿರುವುದಿಲ್ಲ. ಆದರೆ ಅದರ ಹಿಂದೆ ಇನ್ನೂರು ವರ್ಷಗಳ ಚರಿತ್ರೆ ಇದೆ. ಕಚೇರಿಯಲ್ಲಿ ಯಾರು ಕೂರಬೇಕು, ಯಾರು ನಿಲ್ಲಬೇಕು, ಯಾವ ಕಾಗದ ಉಳಿಯಬೇಕು, ಯಾವುದು ಗೆದ್ದಲಿಗೆ ಹೋಗಬೇಕು ಎಂಬುದನ್ನು ಬಹಳ ಸಲ ನಿಯಮಗಳ ಪುಸ್ತಕಕ್ಕಿಂತ ಮೊದಲು ಪೀಠೋಪಕರಣಗಳೇ ತೀರ್ಮಾನಿಸಿಬಿಡುತ್ತವೆ.

ಶಾಲಾ ಆಡಳಿತದ ಕಚೇರಿಗಳಲ್ಲಿ ಈ ಮಾತು ಇನ್ನಷ್ಟು ನಿಜ. ಏಕೆಂದರೆ ಅಲ್ಲಿ ಬಂದು ಕಾಯುವವರು ಬಹುಪಾಲು ಶಿಕ್ಷಕರು. ತಮ್ಮ ಶಾಲೆಯ ಕೊಠಡಿಯಲ್ಲಿ ಇರುವ ಒಂದೇ ಕುರ್ಚಿಗೆ ಒಡೆಯರಾದವರು ಇಲ್ಲಿಗೆ ಬಂದರೆ ಕುರ್ಚಿಯಿಲ್ಲದೆ ನಿಲ್ಲುತ್ತಾರೆ.

ಶೈಕ್ಷಣಿಕ ಜಿಲ್ಲೆ ಎಂದರೇನು?

ಕರ್ನಾಟಕದಲ್ಲಿ ಕಂದಾಯ ಜಿಲ್ಲೆಗಳು 31. ಆದರೆ ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಪತ್ರಿಕೆಗಳಲ್ಲಿ ಅಚ್ಚಾಗುವ ಪಟ್ಟಿಯಲ್ಲಿ 35 ಹೆಸರುಗಳಿರುತ್ತವೆ. ಈ ಲೆಕ್ಕದ ವ್ಯತ್ಯಾಸಕ್ಕೆ ಕಾರಣ ಶೈಕ್ಷಣಿಕ ಜಿಲ್ಲೆಗಳು. ತುಮಕೂರು ಜಿಲ್ಲೆಯಿಂದ ಮಧುಗಿರಿ, ಉತ್ತರ ಕನ್ನಡದಿಂದ ಶಿರಸಿ, ಬೆಳಗಾವಿಯಿಂದ ಚಿಕ್ಕೋಡಿ ಬೇರೆಯಾಗಿವೆ. ಬೆಂಗಳೂರು ನಗರ ಜಿಲ್ಲೆ ಉತ್ತರ ಮತ್ತು ದಕ್ಷಿಣ ಎಂದು ಎರಡಾಗಿದೆ. ಜಿಲ್ಲಾಧಿಕಾರಿ ಒಬ್ಬರೇ, ಆದರೆ ಶಾಲೆಗಳ ಉಸ್ತುವಾರಿಗೆ ಉಪನಿರ್ದೇಶಕರು ಇಬ್ಬರು.

ಇದರ ಅಗತ್ಯ ತಿಳಿಯಬೇಕಾದರೆ ಪಾವಗಡದ ಕಡೆ ನೋಡಬೇಕು. ಬಹುಪಾಲು ಆಂಧ್ರದ ನೆಲದಿಂದ ಸುತ್ತುವರಿದ ಈ ತಾಲ್ಲೂಕಿನಿಂದ ತುಮಕೂರಿಗೆ ನೂರು ಕಿಲೋಮೀಟರಿನ ಆಸುಪಾಸು. ಒಂದು ರುಜುವಿಗಾಗಿ ಮೇಷ್ಟರೊಬ್ಬರು ಅಷ್ಟು ದೂರ ಬಂದು ಹೋಗುವಷ್ಟರಲ್ಲಿ ಒಂದು ದಿನದ ಪಾಠ ಹೋಗುತ್ತದೆ. ಒಬ್ಬರೇ ಶಿಕ್ಷಕರಿರುವ ಶಾಲೆಯಾದರೆ ಅಂದು ಶಾಲೆಯೇ ಹೋಗುತ್ತದೆ. ಶಿರಸಿಯ ಕತೆಯೂ ಇಂಥದೇ. ಘಟ್ಟದ ಮೇಲಿನ ತಾಲ್ಲೂಕುಗಳವರು ಕಡಲ ತೀರದ ಕಾರವಾರಕ್ಕೆ ಇಳಿದು ಹತ್ತಬೇಕಿತ್ತು. ಹೊಸ ಕಚೇರಿ ಎಂದರೆ ಬರಿಯ ಹೊಸ ಫಲಕವಲ್ಲ. ಸಾವಿರಾರು ಶಿಕ್ಷಕರ ಬಸ್ಸಿನ ದಾರಿ ಕಡಿಮೆಯಾಯಿತೆಂದೇ ಅದರ ಅರ್ಥ.

ಉಪನಿರ್ದೇಶಕರ ಕಚೇರಿಯ ಕೆಳಗೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿ, ಅದರೊಂದಿಗೆ ಕ್ಷೇತ್ರ ಸಂಪನ್ಮೂಲ ಕೇಂದ್ರ, ಅದರ ಕೆಳಗೆ ಊರೂರ ಗುಂಪಿಗೊಂದು ಸಮೂಹ ಸಂಪನ್ಮೂಲ ಕೇಂದ್ರ. ಮೇಲೆ ಬೆಂಗಳೂರಿನ ನೃಪತುಂಗ ರಸ್ತೆಯ ಆಯುಕ್ತರ ಕಚೇರಿ. ಧಾರವಾಡ ಮತ್ತು ಕಲಬುರಗಿಯಲ್ಲಿ ಅಪರ ಆಯುಕ್ತರು. ಇಷ್ಟು ಮೆಟ್ಟಿಲುಗಳಲ್ಲೂ ಮೇಜು ಬೇಕು, ಕುರ್ಚಿ ಬೇಕು, ಬೀರು ಬೇಕು.

ಬಟ್ಟೆಯಿಂದ ಹುಟ್ಟಿದ ಆಡಳಿತ

ಕಚೇರಿಯ ಸಾಮಾನುಗಳ ಹೆಸರುಗಳನ್ನೇ ಗಮನಿಸಿದರೆ ಸ್ವಾರಸ್ಯದ ಸಂಗತಿಗಳು ಹೊರಬೀಳುತ್ತವೆ. ಕುರ್ಚಿ ಅರಬ್ಬಿಯ ‘ಕುರ್ಸಿ’. ಮೇಜು ಪಾರ್ಸಿಯದು. ಅಲಮಾರು ಪೋರ್ಚುಗೀಸರ ‘ಅರ್ಮಾರಿಯೊ’. ಬೆಂಚು ಇಂಗ್ಲಿಷಿನದು. ಬೀರು ಬಂದದ್ದು ಫ್ರೆಂಚರ ‘ಬ್ಯೂರೊ’ ಎಂಬ ಮಾತಿನಿಂದ. ಜವಾನ ಎಂದರೆ ಪಾರ್ಸಿಯಲ್ಲಿ ತರುಣ ಎಂದರ್ಥ. ನಮ್ಮ ಕಚೇರಿಗಳಲ್ಲಿ ಅವನು ನಿವೃತ್ತಿಯ ಹಿಂದಿನ ದಿನವೂ ಜವಾನನೇ.

ಇನ್ನೂ ಸ್ವಾರಸ್ಯದ್ದು ‘ಬ್ಯೂರೊ’ ಎಂಬುದರ ಮೂಲ. ಫ್ರೆಂಚಿನಲ್ಲಿ ಅದು ಮೊದಲು ಬರೆಯುವ ಮೇಜಿನ ಮೇಲೆ ಹಾಸುತ್ತಿದ್ದ ಒರಟು ಉಣ್ಣೆ ಬಟ್ಟೆಯ ಹೆಸರು. ಬಟ್ಟೆಯ ಹೆಸರು ಮೇಜಿಗೆ ಬಂತು, ಮೇಜಿನ ಹೆಸರು ಕೋಣೆಗೆ, ಕೋಣೆಯದು ಇಲಾಖೆಗೆ. ಇಂಗ್ಲಿಷಿನವರು ಅಧಿಕಾರಶಾಹಿಗೆ ಬಳಸುವ ‘ಬ್ಯೂರಾಕ್ರಸಿ’ ಎಂಬ ಮಾತಿನ ಬುಡದಲ್ಲಿರುವುದು ಈ ತುಂಡು ಬಟ್ಟೆಯೇ. ನಮ್ಮ ‘ದಫ್ತರ’ವೂ ಹೀಗೆಯೇ. ಗ್ರೀಕರು ಬರೆಯಲು ಹದ ಮಾಡಿದ ತೊಗಲನ್ನು ‘ಡಿಫ್ತೆರ’ ಎನ್ನುತ್ತಿದ್ದರು. ಅದು ಅರಬ್ಬಿ, ಪಾರ್ಸಿಗಳ ಮೂಲಕ ನಡೆದು ಬಂದು ಲೆಕ್ಕಪತ್ರದ ಪುಸ್ತಕವಾಯಿತು. ಪುಸ್ತಕವಿರುವ ಕಚೇರಿಯೂ ಆಯಿತು.

ಇವೆಲ್ಲ ಹೊರಗಿನಿಂದ ಬಂದ ಮಾತುಗಳು. ಆದರೆ ಕಚೇರಿಯ ಜೀವಾಳವಾದ ‘ಕಡತ’ ಮಾತ್ರ ಅಪ್ಪಟ ನಮ್ಮದು. ಅದೂ ಬಟ್ಟೆಯೇ.

ಉದ್ದನೆಯ ಬಟ್ಟೆಗೆ ಹುಣಿಸೆ ಬೀಜದ ಅಂಟು ಮತ್ತು ಇದ್ದಿಲ ಪುಡಿ ಕಲಸಿ ಎರಡೂ ಕಡೆ ಬಳಿಯುತ್ತಿದ್ದರು. ಒಣಗಿ ಗಟ್ಟಿಯಾದ ಮೇಲೆ ಅದನ್ನು ಬೀಸಣಿಗೆಯಂತೆ ಮಡಿಕೆ ಮಡಿಕೆಯಾಗಿ ಮಡಿಸಿದರೆ ಕಪ್ಪು ಹಾಳೆಗಳ ಪುಸ್ತಕ ಸಿದ್ಧ. ಬಳಪದಿಂದ ಅದರ ಮೇಲೆ ಬರೆದರೆ ಬಿಳಿಯ ಅಕ್ಷರ ಮೂಡುತ್ತದೆ. ಬೇಡವಾದರೆ ಒರೆಸಿ ಮತ್ತೆ ಬರೆಯಬಹುದು. ಜೋಪಾನ ಮಾಡಿದರೆ ತಲೆಮಾರುಗಟ್ಟಲೆ ಉಳಿಯುತ್ತದೆ. ಶಾನುಭೋಗರ ಲೆಕ್ಕ, ಅಂಗಡಿಯ ಲೇವಾದೇವಿ, ಮಠಗಳ ಆಯವ್ಯಯ ಎಲ್ಲವೂ ಇದರಲ್ಲೇ. ಶೃಂಗೇರಿ ಮಠದ ಕಡತಗಳು ಇತಿಹಾಸಕಾರರಿಗೆ ಇಂದಿಗೂ ಅಮೂಲ್ಯ ಆಕರ. ಅದೇ ಮಠದಲ್ಲಿ 1916ರಲ್ಲಿ ಮೈಸೂರು ಪುರಾತತ್ತ್ವ ಇಲಾಖೆಯ ಆರ್. ನರಸಿಂಹಾಚಾರ್ಯರ ಕಣ್ಣಿಗೆ ಕಾಗದದ ಕಟ್ಟೊಂದು ಬಿತ್ತು. ಅದರಲ್ಲಿ ಟಿಪ್ಪು ಸುಲ್ತಾನ ಮಠದ ಸ್ವಾಮಿಗಳಿಗೆ ಕನ್ನಡದಲ್ಲಿ ಬರೆಸಿದ ಪತ್ರಗಳಿದ್ದವು. ನೂರಕ್ಕೂ ಹೆಚ್ಚು ವರ್ಷ ಯಾರೋ ಅವನ್ನು ಕಾಪಾಡಿಕೊಂಡು ಬಂದಿದ್ದರು. ಕಾಪಾಡದೆ ಹೋಗಿದ್ದರೆ ಚರಿತ್ರೆಯ ಒಂದು ಪುಟವೇ ನಮಗೆ ಇರುತ್ತಿರಲಿಲ್ಲ.

ನೆಲದಿಂದ ಕುರ್ಚಿಗೆ

ಹಳೆಯ ಕಚೇರಿ ನೆಲದ ಮೇಲಿನ ಕಚೇರಿ. ಜಮಖಾನ, ಅದರ ಮೇಲೆ ಅಧಿಕಾರಿಗೆ ಗಾದಿ, ಒರಗಲು ಲೋಡು, ಮುಂದೆ ಇಳಿಜಾರು ಮುಚ್ಚಳದ ಮರದ ಪೆಟ್ಟಿಗೆ. ಪೆಟ್ಟಿಗೆಯ ಮೇಲೆ ಬರೆಯುವುದು, ಒಳಗೆ ಕಾಗದ, ಲೇಖನಿ ಇಡುವುದು. ಮೇಜು, ಬೀರು ಎರಡೂ ಅದೇ. ಕೆಲಸ ಮುಗಿದರೆ ಪೆಟ್ಟಿಗೆಯನ್ನು ಬಗಲಿಗಿಟ್ಟುಕೊಂಡು ಹೊರಟರೆ ಕಚೇರಿಯೂ ಹೊರಟಂತೆ. ‘ಸಂಗೀತ ಕಚೇರಿ’ ಎಂಬ ಮಾತಿನಲ್ಲಿ ಆ ಕಾಲದ ನೆನಪು ಉಳಿದಿದೆ. ಅಲ್ಲಿ ವಿದ್ವಾಂಸರು ಇಂದಿಗೂ ಜಮಖಾನದ ಮೇಲೆಯೇ ಕೂರುತ್ತಾರೆ.

ಮೈಸೂರು ಸೀಮೆಯಲ್ಲಿ ಆಡಳಿತವನ್ನು ಇಲಾಖೆಗಳಾಗಿ ವಿಂಗಡಿಸಿದ ಕೀರ್ತಿ 17ನೇ ಶತಮಾನದ ಕೊನೆಯಲ್ಲಿ ಆಳಿದ ಚಿಕ್ಕದೇವರಾಜ ಒಡೆಯರದು. ಅವರ ಹದಿನೆಂಟು ಇಲಾಖೆಗಳೇ ‘ಅಠಾರಾ ಕಚೇರಿ’. 1831ರಲ್ಲಿ ಬ್ರಿಟಿಷ್ ಕಮಿಷನರುಗಳ ಕೈಗೆ ಆಡಳಿತ ಹೋದ ಮೇಲೆ ಈ ಕಚೇರಿಗಳು ಬೆಂಗಳೂರಿನ ಕೋಟೆಯ ಬಳಿ ಟಿಪ್ಪುವಿನ ಮರದ ಅರಮನೆಯಲ್ಲಿ ನಡೆದವು. ಸ್ಥಳ ಸಾಲದೆ ಬಂದಾಗ ಕಬ್ಬನ್ ಪಾರ್ಕಿನ ಅಂಚಿನಲ್ಲಿ ಕೆಂಪು ಬಣ್ಣದ ದೊಡ್ಡ ಕಟ್ಟಡ ಎದ್ದಿತು. 1868ರಲ್ಲಿ ಕಚೇರಿಗಳು ಅಲ್ಲಿಗೆ ಹೋದವು. ಈಗ ಉಚ್ಚ ನ್ಯಾಯಾಲಯವಿರುವ ಆ ಕಟ್ಟಡವನ್ನು ಜನ ಇಂದಿಗೂ ‘ಅಠಾರಾ ಕಚೇರಿ’ ಎಂದೇ ಕರೆಯುತ್ತಾರೆ.

ಶಿಕ್ಷಣ ಎಂಬುದು ಸರ್ಕಾರದ ಒಂದು ಇಲಾಖೆಯಾದದ್ದು ಇದೇ ಕಾಲದಲ್ಲಿ. 1854ರಲ್ಲಿ ಚಾರ್ಲ್ಸ್ ವುಡ್ ಲಂಡನ್ನಿನಿಂದ ಕಳಿಸಿದ ಆದೇಶಪತ್ರ ಪ್ರತಿ ಪ್ರಾಂತದಲ್ಲೂ ಸಾರ್ವಜನಿಕ ಶಿಕ್ಷಣ ಇಲಾಖೆ ಇರಬೇಕೆಂದು ಹೇಳಿತು. ಮೈಸೂರಿನಲ್ಲಿ 1857ರಲ್ಲಿ ಇಲಾಖೆ ಆರಂಭವಾಯಿತು. ಅಲ್ಲಿಯವರೆಗೆ ಊರ ಮಠವೋ ಜಗುಲಿಯೋ ಆಗಿದ್ದ ಶಾಲೆ ಈಗ ಪಟ್ಟಿ, ಹಾಜರಿ, ವರದಿಗಳ ಲೋಕಕ್ಕೆ ಸೇರಿತು. ವರದಿ ಎಂದ ಮೇಲೆ ಬರೆಯುವವರು ಬೇಕು, ಬರೆದದ್ದನ್ನು ಇಡುವ ಜಾಗ ಬೇಕು.

ಆದರೂ ಬಹಳ ಕಾಲ ಶಿಕ್ಷಣ ಇಲಾಖೆಯ ನಿಜವಾದ ಕಚೇರಿ ಕಟ್ಟಡದಲ್ಲಿರಲಿಲ್ಲ; ದಾರಿಯಲ್ಲಿತ್ತು. ಇನ್‌ಸ್ಪೆಕ್ಟರುಗಳು ವರ್ಷದ ಬಹುಭಾಗ ಕುದುರೆಯ ಮೇಲೋ ಎತ್ತಿನ ಗಾಡಿಯಲ್ಲೋ ಸಂಚಾರದಲ್ಲಿರುತ್ತಿದ್ದರು. ಬಿಚ್ಚಿ ಜೋಡಿಸುವ ಮೇಜು, ಮಡಿಸುವ ಕುರ್ಚಿ, ಬೀಗದ ಪೆಟ್ಟಿಗೆ ಅವರ ಜೊತೆಗೆ. ಮೈಸೂರಿನ ಶಿಕ್ಷಣ ಇಲಾಖೆಯ ಮುಖ್ಯಸ್ಥರಾಗಿದ್ದ ಬಿ. ಎಲ್. ರೈಸ್ ಅವರು ಶಾಲೆಗಳ ತನಿಖೆಗೆಂದು ಊರೂರು ತಿರುಗುವಾಗಲೇ ದೇವಾಲಯ, ಕೆರೆ ಏರಿಗಳ ಬಳಿಯ ಶಾಸನಗಳನ್ನು ಗಮನಿಸತೊಡಗಿದರು. ಆ ಸಂಚಾರದ ಆಸಕ್ತಿಯೇ ಮುಂದೆ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳಾಗಿ ಬೆಳೆಯಿತು. ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡ ಸೀಮೆಯಲ್ಲಿ ಕನ್ನಡ ಶಾಲೆಗಳಿಗಾಗಿ ದುಡಿದ ಚನ್ನಬಸಪ್ಪನವರಿಗಂತೂ ಹುದ್ದೆಯೇ ಹೆಸರಾಯಿತು; ನಾಡು ಅವರನ್ನು ‘ಡೆಪ್ಯುಟಿ ಚನ್ನಬಸಪ್ಪ’ ಎಂದೇ ನೆನೆಯುತ್ತದೆ. ಅವರು ನೆನಪಾಗಿ ಉಳಿದದ್ದು ಕೂತ ಕುರ್ಚಿಯಿಂದಲ್ಲ, ಮಾಡಿದ ಕೆಲಸದಿಂದ.

ತನಿಖೆಯ ದಿನ ಹಳ್ಳಿಯ ಶಾಲೆಯಲ್ಲಿ ನಡೆಯುತ್ತಿದ್ದ ಗಡಿಬಿಡಿ ಹಳಬರಿಗೆ ಗೊತ್ತು. ಪಟೇಲರ ಮನೆಯಿಂದ ಕುರ್ಚಿ ಬರುತ್ತಿತ್ತು. ಇನ್‌ಸ್ಪೆಕ್ಟರು ಅದರಲ್ಲಿ ಕೂರುತ್ತಿದ್ದರು. ಅಂದು ಮೇಷ್ಟರು ದಿನವಿಡೀ ನಿಂತೇ ಇರುತ್ತಿದ್ದರು. ಇಂದಿನ ಪಡಸಾಲೆಯ ದೃಶ್ಯಕ್ಕೆ ಬೀಜ ಬಿದ್ದದ್ದು ಅಲ್ಲಿಯೇ ಇರಬೇಕು.

ಕೂರುವ ಹಕ್ಕು

ಕುರ್ಚಿ ಬರಿಯ ಮರವಲ್ಲ, ಅದು ಮಾನ. ಈ ಮಾತನ್ನು ಬ್ರಿಟಿಷ್ ಸರ್ಕಾರ ಅಕ್ಷರಶಃ ಕಾಗದಕ್ಕಿಳಿಸಿತ್ತು. ಉತ್ತರ ಭಾರತದ ಜಿಲ್ಲೆಗಳಲ್ಲಿ ‘ಕುರ್ಸಿ ನಶೀನ್’ ಎಂಬ ಪದವಿ ಇತ್ತು. ಸಾಹೇಬರನ್ನು ಕಾಣಲು ಹೋದಾಗ ಕುರ್ಚಿಯಲ್ಲಿ ಕೂರಲು ಅರ್ಹರಾದ ದೇಶೀಯ ಗಣ್ಯರ ಪಟ್ಟಿಯನ್ನು ಕಚೇರಿ ಇಟ್ಟುಕೊಳ್ಳುತ್ತಿತ್ತು, ಪ್ರಮಾಣಪತ್ರವನ್ನೂ ಕೊಡುತ್ತಿತ್ತು. ಪಟ್ಟಿಯಲ್ಲಿ ಹೆಸರಿಲ್ಲದವರು ಎಷ್ಟೇ ಹಿರಿಯರಾದರೂ ನಿಲ್ಲಬೇಕು. ಕುರ್ಚಿಗಾಗಿ ಅರ್ಜಿ ಹಾಕಿ ವರ್ಷಗಟ್ಟಲೆ ಕಾದವರಿದ್ದರು.

ನಮ್ಮ ಸಮಾಜವೂ ಈ ವಿಷಯದಲ್ಲಿ ಹಿಂದೆ ಬಿದ್ದಿರಲಿಲ್ಲ. ಸಾತಾರಾದ ಶಾಲೆಯಲ್ಲಿ ಬಾಲಕ ಅಂಬೇಡ್ಕರರಿಗೆ ಉಳಿದ ಮಕ್ಕಳ ಜೊತೆ ಕೂರುವ ಅವಕಾಶವಿರಲಿಲ್ಲ. ಮೂಲೆಯಲ್ಲಿ ಪ್ರತ್ಯೇಕ ಗೋಣಿತಟ್ಟು. ಅದನ್ನು ಮನೆಯಿಂದಲೇ ತಂದು ಸಂಜೆ ಮನೆಗೇ ಒಯ್ಯಬೇಕಿತ್ತು. ಶಾಲೆ ಗುಡಿಸುವವನೂ ಅದನ್ನು ಮುಟ್ಟುತ್ತಿರಲಿಲ್ಲ. ವಿದೇಶದಲ್ಲಿ ಓದಿ 1917ರಲ್ಲಿ ಬರೋಡ ಸಂಸ್ಥಾನದ ಸೇವೆಗೆ ಸೇರಿದಾಗ ಅವರಿಗೆ ಅಧಿಕಾರವೇನೋ ಸಿಕ್ಕಿತು. ಆದರೆ ಜವಾನರು ಕಡತಗಳನ್ನು ದೂರದಿಂದಲೇ ಅವರ ಮೇಜಿನ ಮೇಲೆ ಎಸೆಯುತ್ತಿದ್ದರು, ಅವರು ಎದ್ದು ಹೊರಟರೆ ಹಾಸಿದ್ದ ಚಾಪೆಯನ್ನು ಸುತ್ತಿಡುತ್ತಿದ್ದರು ಎಂದು ಅವರ ಜೀವನಚರಿತ್ರೆ ಹೇಳುತ್ತದೆ. ಕುರ್ಚಿ ಸಿಕ್ಕಿದರೂ ಅದರ ಸುತ್ತಲಿನ ನೆಲ ಸಿಕ್ಕಿರಲಿಲ್ಲ.

ಕಚೇರಿಯ ಕುರ್ಚಿಗಳು ಕೆಲವೇ ಜಾತಿಗಳವರ ಪಾಲಾಗಿವೆ ಎಂಬ ಕೂಗು ಮೈಸೂರು ಸಂಸ್ಥಾನದಲ್ಲೂ ಎದ್ದಿತು. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಸರ್ಕಾರ ಸರ್ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯಲ್ಲಿ ನೇಮಿಸಿದ ಸಮಿತಿ ಈ ಪ್ರಶ್ನೆಯನ್ನೇ ಪರಿಶೀಲಿಸಿತು. ಹಿಂದುಳಿದವರಿಗೆ ಸರ್ಕಾರಿ ಸೇವೆಯಲ್ಲಿ ಪ್ರಾತಿನಿಧ್ಯ ನೀಡುವ ಮಾತು ಈ ದೇಶದಲ್ಲಿ ಮೊದಲು ಗಟ್ಟಿಯಾಗಿ ಕೇಳಿಬಂದ ಕಡೆಗಳಲ್ಲಿ ಮೈಸೂರು ಒಂದು. ಕಚೇರಿಗೆ ಎಷ್ಟು ಕುರ್ಚಿ ಬೇಕು ಎಂಬುದು ಲೆಕ್ಕದ ಪ್ರಶ್ನೆ. ಅದರಲ್ಲಿ ಯಾರು ಕೂರಬೇಕು ಎಂಬುದು ಯಾವಾಗಲೂ ರಾಜಕೀಯದ ಪ್ರಶ್ನೆ.

ಬೆತ್ತ, ಟವೆಲ್ಲು ಮತ್ತು ಗಾಜು

ಸರ್ಕಾರಿ ಕುರ್ಚಿ ಎಂದೊಡನೆ ಕಣ್ಣಿಗೆ ಕಟ್ಟುವುದು ತೇಗದ ಚೌಕಟ್ಟಿಗೆ ಬೆತ್ತದ ಹೆಣಿಗೆಯ ಕುರ್ಚಿ. ಇದಕ್ಕೆ ಕಾರಣಗಳಿವೆ. ಬೆತ್ತದ ಸಣ್ಣ ತೂತುಗಳಲ್ಲಿ ಗಾಳಿ ಆಡುತ್ತದೆ. ಬೇಸಿಗೆಯಲ್ಲಿ ಬೆನ್ನು ಬೆವೆಯುವುದು ಕಡಿಮೆ. ಮೆತ್ತೆ ಹೊಲಿದ ಕುರ್ಚಿಯಂತೆ ಮಳೆಗಾಲದಲ್ಲಿ ಮುಗ್ಗುವುದಿಲ್ಲ. ಹೆಣಿಗೆ ಹರಿದರೆ ಇಡೀ ಕುರ್ಚಿಯನ್ನು ಎಸೆಯಬೇಕಿಲ್ಲ, ಮತ್ತೆ ಹೆಣೆಸಿದರಾಯಿತು. ಬೆರಳ ತುದಿಯ ಸ್ಪರ್ಶದಿಂದಲೇ ಮಾಡಬಹುದಾದ ಈ ಕೆಲಸವನ್ನು ಅಂಧರ ತರಬೇತಿ ಕೇಂದ್ರಗಳಲ್ಲಿ ಕಲಿಸುತ್ತಿದ್ದರು. ಕಣ್ಣಿಲ್ಲದವರು ಹೆಣೆದ ಕುರ್ಚಿಯಲ್ಲಿ ಕಣ್ಣಿದ್ದವರು ಕೂತು ಆಡಳಿತ ನಡೆಸಿದರು. ಮರಗೆಲಸದ ಬೇಡಿಕೆಯ ಒಂದು ಪಾಲು ಕಾರಾಗೃಹಗಳ ಕೈಗಾರಿಕಾ ಘಟಕಗಳಿಗೂ ಹೋಗುತ್ತಿತ್ತು. ಕೈದಿಗಳು ಮಾಡಿದ ಮೇಜು, ಜಮಖಾನಗಳು ಇಂದಿಗೂ ಎಷ್ಟೋ ಕಚೇರಿಗಳಲ್ಲಿವೆ.

ದರ್ಜೆಗೆ ತಕ್ಕ ಸಾಮಾನು ಎಂಬುದು ಸರ್ಕಾರದ ಹಳೆಯ ಪದ್ಧತಿ. ಯಾವ ಹುದ್ದೆಗೆ ಎಷ್ಟು ದೊಡ್ಡ ಮೇಜು, ಕೈಯಿರುವ ಕುರ್ಚಿಯೋ ಕೈಯಿಲ್ಲದ್ದೋ, ಎದುರಿಗೆ ಎಷ್ಟು ಕುರ್ಚಿ, ನೆಲಕ್ಕೆ ಹಾಸು ಉಂಟೋ ಇಲ್ಲವೋ ಎಂಬುದಕ್ಕೆಲ್ಲ ಅಳತೆಗಳಿದ್ದವು. ಬರೆದ ನಿಯಮಗಳ ಜೊತೆಗೆ ಬರೆಯದ ನಿಯಮಗಳೂ ಸೇರಿಕೊಂಡವು. ತಲೆಯ ಎಣ್ಣೆ, ಬೆನ್ನ ಬೆವರು ಕುರ್ಚಿಗೆ ಅಂಟದಿರಲೆಂದು ಹಾಕುತ್ತಿದ್ದ ಟವೆಲ್ಲು ಕ್ರಮೇಣ ಅಧಿಕಾರದ ಬಾವುಟವಾಯಿತು. ಮೇಜಿನ ಮರ ಹಾಳಾಗದಿರಲೆಂದು ಹಾಕಿದ ಗಾಜಿನ ಕೆಳಗೆ ದೇವರ ಪಟ, ಕ್ಯಾಲೆಂಡರು, ದೂರವಾಣಿ ಸಂಖ್ಯೆಗಳ ಚೀಟಿ ಬಂದವು. ತೇಗ ದುಬಾರಿಯಾದಂತೆ ಪ್ಲೈವುಡ್ಡಿಗೆ ಸನ್‌ಮೈಕಾ ಅಂಟಿಸಿದ ಮೇಜು ಬಂತು, ಆಮೇಲೆ ಗಾಲಿಯ ಮೇಲೆ ತಿರುಗುವ ಕುರ್ಚಿ. ಸಾಹೇಬರು ಬದಲಾದರೂ ಟವೆಲ್ಲು ಮಾತ್ರ ಬದಲಾಗಲಿಲ್ಲ; ಹೆಚ್ಚೆಂದರೆ ಒಗೆಸಿಕೊಂಡಿತು.

ಬೀರುವಿನೊಳಗಿನ ಬದುಕು

ಕುರ್ಚಿಗಿಂತ ಮುಖ್ಯವಾದದ್ದು ಬೀರು. ಶಿಕ್ಷಕರ ಮಟ್ಟಿಗಂತೂ ಅವರ ಇಡೀ ಬದುಕು ಅದರೊಳಗಿರುತ್ತದೆ.

ಪ್ರತಿ ಸರ್ಕಾರಿ ನೌಕರನಿಗೂ ಒಂದು ಸೇವಾ ಪುಸ್ತಕ ಇರುತ್ತದೆ. ಸೇವೆಗೆ ಸೇರಿದ ದಿನ, ಹುಟ್ಟಿದ ದಿನ, ವಿದ್ಯಾರ್ಹತೆ, ವಾರ್ಷಿಕ ಬಡ್ತಿ, ರಜೆ, ವರ್ಗಾವಣೆ, ಶಿಕ್ಷೆ, ನಾಮನಿರ್ದೇಶನ ಎಲ್ಲವೂ ಅದರಲ್ಲಿ. ಮೂವತ್ತು ವರ್ಷ ಪಾಠ ಹೇಳಿದ ಮೇಲೆ ಪಿಂಚಣಿಯ ಲೆಕ್ಕ ಹಾಕುವುದು ಅದರ ಪುಟಗಳಿಂದಲೇ. ಒಂದು ಪುಟ ಹರಿದರೆ, ಒಂದು ನಮೂದು ಬಿಟ್ಟುಹೋದರೆ ನಿವೃತ್ತರಾದವರು ತಾವು ಸೇವೆ ಮಾಡಿದ್ದು ನಿಜವೆಂದು ಹಳೆಯ ಶಾಲೆಗಳ ಹಾಜರಿ ಪುಸ್ತಕ ಹುಡುಕಿ ರುಜುವಾತು ಮಾಡಬೇಕು. ಮಳೆ ಸೋರುವ ಮೂಲೆಯಲ್ಲಿಟ್ಟ ಒಂದು ಗಂಟು ಎಷ್ಟೋ ಸಂಸಾರಗಳ ಮುಪ್ಪಿನ ಅನ್ನವನ್ನು ಒದ್ದೆ ಮಾಡಬಲ್ಲದು.

ಮರದ ಕಪಾಟಿಗೆ ಗೆದ್ದಲು ಹತ್ತುತ್ತದೆ. ಇಲಿ ನುಗ್ಗುತ್ತದೆ. ಮಲೆನಾಡು, ಕರಾವಳಿಯಲ್ಲಿ ತೇವ ಬೇರೆ. ಅದಕ್ಕೇ ಉಕ್ಕಿನ ಬೀರು ಬಂದಾಗ ಕಚೇರಿಗಳು ಅದನ್ನು ಎರಡೂ ಕೈಯಲ್ಲಿ ಬಾಚಿಕೊಂಡವು. 1897ರಲ್ಲಿ ಬೀಗ ತಯಾರಿಸುವ ಕಂಪನಿಯಾಗಿ ಮುಂಬಯಿಯಲ್ಲಿ ಶುರುವಾದ ಗೋದ್ರೆಜ್ 1923ರಲ್ಲಿ ಉಕ್ಕಿನ ಬೀರು ಮಾಡತೊಡಗಿತು. ಮದುವೆಯ ಮನೆಗೂ ಸರ್ಕಾರಿ ಕಚೇರಿಗೂ ಅದು ಏಕಕಾಲಕ್ಕೆ ಹೊಕ್ಕಿತು. ಎರಡೂ ಕಡೆ ಕಾರಣ ಒಂದೇ: ಒಳಗಿನದು ಭದ್ರವಾಗಿರಬೇಕು. ಬೇರೆ ತಯಾರಕರ ಬೀರುಗಳನ್ನೂ ಜನ ಅದೇ ಹೆಸರಿನಿಂದ ಕರೆಯುವಷ್ಟು ಆ ಹೆಸರು ಬೇರೂರಿತು.

ಆದರೆ ಬೀರು ಇದ್ದ ಮಾತ್ರಕ್ಕೆ ಕಡತ ಉಳಿಯುವುದಿಲ್ಲ. ಗೋಡೆಗೆ ತಾಗದಂತೆ ಇಡಬೇಕು. ನೆಲದಿಂದ ಒಂದಿಷ್ಟು ಎತ್ತರದಲ್ಲಿರಬೇಕು. ಶಾಶ್ವತವಾಗಿ ಉಳಿಸಬೇಕಾದದ್ದು, ಇಂತಿಷ್ಟು ವರ್ಷ ಇಟ್ಟು ನಾಶ ಮಾಡಬೇಕಾದದ್ದು ಎಂದು ಕಡತಗಳನ್ನು ವಿಂಗಡಿಸಬೇಕು. ವಿಂಗಡಿಸುವ ಕೆಲಸ ನಿಂತರೆ ಬೇಡದ ಕಾಗದ ಬೇಕಾದ ಕಾಗದವನ್ನು ಮುಚ್ಚಿಬಿಡುತ್ತದೆ. ಹೊಸ ಕಟ್ಟಡಗಳ ನಕ್ಷೆಯಲ್ಲಿ ಸಭಾಂಗಣ ದೊಡ್ಡದಾಗಿರುತ್ತದೆ, ಸಾಹೇಬರ ಕೋಣೆ ವಿಶಾಲವಾಗಿರುತ್ತದೆ. ದಾಖಲೆ ಕೋಣೆ ಮೆಟ್ಟಿಲ ಕೆಳಗೆ ಉಳಿದ ಜಾಗದಲ್ಲಿ ಬೀಳುತ್ತದೆ. ಮಳೆಗಾಲ ಬಂದಾಗ ಅದರ ಬೆಲೆ ತಿಳಿಯುತ್ತದೆ.

ಸಾಮಾನು ಬರುವ ದಾರಿ

ಕಟ್ಟಡಕ್ಕೆ ಮಂಜೂರಾದ ಹಣದಲ್ಲಿ ಪೀಠೋಪಕರಣ ಹಲವು ಸಲ ಸೇರಿರುವುದಿಲ್ಲ. ಅದಕ್ಕೆ ಬೇರೆ ಬೇಡಿಕೆ ಪಟ್ಟಿ, ಬೇರೆ ಮಂಜೂರಾತಿ. ಸಣ್ಣ ಮೊತ್ತವಾದರೆ ಮೂರು ಅಂಗಡಿಗಳ ದರಪಟ್ಟಿ ತರಿಸಿ ಕಡಿಮೆಯದನ್ನು ಒಪ್ಪುವುದು ವಾಡಿಕೆ, ದೊಡ್ಡದಾದರೆ ಟೆಂಡರ್. ಕರ್ನಾಟಕದಲ್ಲಿ 1999ರ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ ಇದಕ್ಕೆ ಕಟ್ಟುನಿಟ್ಟು ತಂದಿತು. ಕೇಂದ್ರ ಸರ್ಕಾರದ ಖರೀದಿಗೆ ದರ ಗೊತ್ತುಮಾಡುತ್ತಿದ್ದ ಸರಬರಾಜು ಮತ್ತು ವಿಲೇವಾರಿ ಮಹಾನಿರ್ದೇಶನಾಲಯ 2017ರಲ್ಲಿ ಮುಚ್ಚಿತು. 2016ರಲ್ಲಿ ಆರಂಭವಾದ ಸರ್ಕಾರಿ ಇ-ಮಾರುಕಟ್ಟೆ ಅದರ ಜಾಗಕ್ಕೆ ಬಂತು. ಈಗ ಕುರ್ಚಿಯನ್ನು ಕಂಪ್ಯೂಟರ್ ಪರದೆಯ ಮೇಲೆ ನೋಡಿ ಕೊಳ್ಳಬಹುದು; ಕೂತು ನೋಡಿ ಕೊಳ್ಳುವುದು ಮಾತ್ರ ಕಷ್ಟ.

ಕಡಿಮೆ ದರವೇ ಗೆಲ್ಲುವ ಪದ್ಧತಿಗೆ ಒಂದು ದೋಷವಿದೆ. ಬೇಡಿಕೆಯಲ್ಲಿ ಮರ ಯಾವುದು, ತಗಡು ಎಷ್ಟು ದಪ್ಪ, ಬೀಗ ಎಂಥದು ಎಂದು ಸ್ಪಷ್ಟವಾಗಿ ಬರೆಯದಿದ್ದರೆ ತೆಳು ತಗಡಿನ ಬೀರು, ವರ್ಷದೊಳಗೆ ಕಾಲು ಮುರಿಯುವ ಕುರ್ಚಿ ಬರುತ್ತವೆ. ಮಾರ್ಚ್ 31ರೊಳಗೆ ಖರ್ಚಾಗದ ಹಣ ವಾಪಸಾಗುವ ಭಯವೂ ಇದಕ್ಕೆ ಸೇರುತ್ತದೆ. ಫೆಬ್ರವರಿಯಲ್ಲಿ ಹಣ ಬಿಡುಗಡೆಯಾದರೆ ಮಾರ್ಚಿಯಲ್ಲಿ ಸಾಮಾನು ಬರಲೇಬೇಕು. ಆಯ್ಕೆಗೆ ಸಮಯವೆಲ್ಲಿ?

ಬಂದ ಪ್ರತಿ ವಸ್ತುವೂ ಡೆಡ್‌ಸ್ಟಾಕ್ ರಿಜಿಸ್ಟರಿನಲ್ಲಿ ನಮೂದಾಗಬೇಕು. ಕುರ್ಚಿಯ ಬೆನ್ನಿಗೆ ಬಿಳಿ ಬಣ್ಣದಲ್ಲಿ ಸಂಖ್ಯೆ ಬೀಳುತ್ತದೆ. ಅಂದಿನಿಂದ ಅದು ಸರ್ಕಾರದ ಸ್ವತ್ತು, ಮುರಿದರೂ ಬಿಸಾಡುವಂತಿಲ್ಲ. ನಿರುಪಯುಕ್ತವೆಂದು ಘೋಷಿಸಿ, ಹರಾಜು ಹಾಕಿ, ಬಂದ ಹಣವನ್ನು ಖಜಾನೆಗೆ ಕಟ್ಟಿದ ಮೇಲೆಯೇ ಅದಕ್ಕೆ ಮುಕ್ತಿ. ಈ ತಾಪತ್ರಯಕ್ಕೆ ಹೆದರಿ ಎಷ್ಟೋ ಕಚೇರಿಗಳ ಹಿತ್ತಿಲಲ್ಲಿ, ತಾರಸಿಯ ಮೇಲೆ ಮೂರು ಕಾಲಿನ ಕುರ್ಚಿಗಳು ರಾಶಿ ಬಿದ್ದಿರುತ್ತವೆ.

ಗುಜರಿಯಿಂದ ಹರಾಜಿನ ಕಟ್ಟೆಗೆ

ಇಂಥ ರಾಶಿಯೊಂದು ಜಗತ್ತಿನ ಗಮನ ಸೆಳೆದ ಕತೆ ಚಂಡೀಗಢದ್ದು. 1950ರ ದಶಕದಲ್ಲಿ ಆ ಹೊಸ ರಾಜಧಾನಿ ಏಳುವಾಗ ಸಚಿವಾಲಯ, ನ್ಯಾಯಾಲಯ, ವಿಶ್ವವಿದ್ಯಾಲಯ, ಕಾಲೇಜುಗಳಿಗೆಲ್ಲ ಸಾವಿರಾರು ಮೇಜು ಕುರ್ಚಿಗಳು ಒಟ್ಟಿಗೆ ಬೇಕಾದವು. ನಗರವನ್ನು ರೂಪಿಸಿದ ಲೆ ಕಾರ್ಬೂಸಿಯೆಯ ಸೋದರಸಂಬಂಧಿ ಪಿಯರ್ ಜಾನ್ರೆ ಭಾರತೀಯ ಸಹೋದ್ಯೋಗಿಗಳೊಡನೆ ಅವುಗಳ ವಿನ್ಯಾಸ ಮಾಡಿದರು. ತೇಗದ ಮರ, ಬೆತ್ತದ ಹೆಣಿಗೆ, ತಲೆಕೆಳಗಾದ ಇಂಗ್ಲಿಷ್ ‘ವಿ’ ಅಕ್ಷರದಂಥ ಕಾಲು. ಊರಿನ ಬಡಗಿಗಳೇ ಮಾಡಬಹುದಾದ ಸರಳ ಕುರ್ಚಿ.

ಕಾಲ ಕಳೆದಂತೆ ಅವು ಹಳೆಯದಾದವು. ಪ್ಲಾಸ್ಟಿಕ್ಕು, ಕಬ್ಬಿಣದ ಕುರ್ಚಿಗಳು ಬಂದವು. ತೇಗದ ಕುರ್ಚಿಗಳು ತಾರಸಿಗೆ ಹೋಗಿ, ಬಿಸಿಲು ಮಳೆ ತಿಂದು, ಗುಜರಿ ಹರಾಜಿನಲ್ಲಿ ಪುಡಿಗಾಸಿಗೆ ಮಾರಾಟವಾದವು. ವಿದೇಶದ ವ್ಯಾಪಾರಿಗಳು ಅವನ್ನು ಕೊಂಡು, ದುರಸ್ತಿ ಮಾಡಿಸಿ ಯುರೋಪು, ಅಮೆರಿಕದ ಹರಾಜು ಮನೆಗಳಲ್ಲಿ ಇಟ್ಟಾಗ ಒಂದೊಂದಕ್ಕೂ ಲಕ್ಷಗಟ್ಟಲೆ ರೂಪಾಯಿ ಬಂತು. ಕಚೇರಿಯ ಬೆನ್ನ ಸಂಖ್ಯೆ ಹಾಗೇ ಉಳಿದಿದ್ದರೆ ಬೆಲೆ ಇನ್ನೂ ಹೆಚ್ಚು. ಅದು ಅಸಲಿ ಎಂಬುದಕ್ಕೆ ಪುರಾವೆ! 2011ರಲ್ಲಿ ಕೇಂದ್ರ ಗೃಹ ಸಚಿವಾಲಯ ಈ ಪರಂಪರೆಯ ಸಾಮಾನುಗಳ ಮಾರಾಟಕ್ಕೆ ತಡೆ ಹಾಕಿತು. ಅಷ್ಟರಲ್ಲಿ ಬಹಳಷ್ಟು ಕೈತಪ್ಪಿತ್ತು.

ನಮ್ಮ ಹಳೆಯ ಶಿಕ್ಷಣ ಕಚೇರಿಗಳಲ್ಲೂ ಬೀಟೆ, ತೇಗದ ಮೇಜುಗಳಿವೆ. ಎಲ್ಲವೂ ಲಕ್ಷ ಬೆಲೆಯವಲ್ಲ. ಆದರೆ ಹೊಸ ಕಟ್ಟಡಕ್ಕೆ ಹೋಗುವಾಗ ಹಳೆಯದನ್ನೆಲ್ಲ ಕಸವೆಂದು ತಿಳಿಯಬಾರದೆಂಬ ಪಾಠ ಚಂಡೀಗಢದಿಂದ ಕಲಿಯಬಹುದು.

ಬೆಂಚಿನ ಪ್ರಶ್ನೆ

ಇಂದಿನ ಕಚೇರಿ ಬಹಳ ಬದಲಾಗಿದೆ. ಸಂಬಳದ ಪಟ್ಟಿ ಕಂಪ್ಯೂಟರಿನಲ್ಲಿ ತಯಾರಾಗುತ್ತದೆ. ಕಡತಗಳು ಪರದೆಯ ಮೇಲೆ ಓಡಾಡತೊಡಗಿವೆ. ಶಿಕ್ಷಕರ ವರ್ಗಾವಣೆಗೆ 2007ರ ಕಾಯ್ದೆ ಶಿಸ್ತು ತಂದ ಮೇಲೆ ಬಾಗಿಲ ಹಿಂದಿನ ಮಾತುಕತೆಯ ಜಾಗದಲ್ಲಿ ಕೌನ್ಸೆಲಿಂಗ್ ಬಂತು. ಖಾಲಿ ಸ್ಥಳಗಳ ಪಟ್ಟಿಯನ್ನು ಎಲ್ಲರೆದುರು ತೋರಿಸಿ ಆಯ್ಕೆ ಕೇಳುವ ಪದ್ಧತಿ. 2005ರ ಮಾಹಿತಿ ಹಕ್ಕು ಕಾಯ್ದೆ ಬೀರುವಿನ ಬೀಗ ಸಡಿಲಿಸಿತು. 2012ರಲ್ಲಿ ಜಾರಿಗೆ ಬಂದ ‘ಸಕಾಲ’ ಅರ್ಜಿಗೆ ಗಡುವು ಕಟ್ಟಿತು. ಹೀಗಿರುವಾಗ ಹೊಸ ಕಚೇರಿಯ ಸಾಮಾನಿನ ಪಟ್ಟಿಯೂ ಬದಲಾಗಬೇಡವೇ?

ಕಂಪ್ಯೂಟರಿನ ಮುಂದೆ ದಿನಕ್ಕೆ ಎಂಟು ಗಂಟೆ ಕೂರುವವರಿಗೆ ಹಳೆಯ ಎತ್ತರದ ಮೇಜು, ಕೈಯಿಲ್ಲದ ಕುರ್ಚಿ ಕೊಟ್ಟರೆ ಕುತ್ತಿಗೆ, ಬೆನ್ನು ಹಿಡಿಯುವುದು ಖಂಡಿತ. ದೊಡ್ಡ ಕುರ್ಚಿ ಹೆಚ್ಚು ಹೊತ್ತು ಕೂರುವವರಿಗೆ ಇರಬೇಕೇ ಹೊರತು ಹೆಚ್ಚು ಹೊತ್ತು ಸಭೆ, ಸಂಚಾರದಲ್ಲಿ ಇರುವವರಿಗಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಸಾರ್ವಜನಿಕ ಕಟ್ಟಡಗಳು ಎಲ್ಲರಿಗೂ ಎಟುಕುವಂತಿರಬೇಕು ಎನ್ನುತ್ತದೆ. ಇಳಿಜಾರು ದಾರಿ ಕಟ್ಟಿ ಅದರ ತುದಿಗೆ ಬೀರು ನಿಲ್ಲಿಸಿದರೆ ಏನು ಬಂತು? ಗಾಲಿಕುರ್ಚಿಯಲ್ಲಿ ಬಂದವರ ಮುಖ ಕಾಣುವಷ್ಟು ತಗ್ಗಿನ ಕಟ್ಟೆ ಇರಬೇಕು. ಮಗುವನ್ನು ಎತ್ತಿಕೊಂಡು ಬಂದ ಶಿಕ್ಷಕಿಗೆ ಕೂರಲು ಒಂದು ಮರೆಯ ಜಾಗ ಬೇಕು.

ಇವೆಲ್ಲಕ್ಕೂ ಮೊದಲು ಬೇಕಾದದ್ದು ಪಡಸಾಲೆಯ ಬೆಂಚು. ಬೀರು ಮತ್ತು ಸಾಹೇಬರ ಮೇಜಿಗೆ ಹೋಲಿಸಿದರೆ ಅದಕ್ಕೆ ತಗಲುವ ಹಣ ಅತ್ಯಲ್ಪ. ಪಟ್ಟಿಯಲ್ಲಿ ಕೊನೆಗೆ ಬರುವುದೂ, ಹಣ ಸಾಲದಿದ್ದರೆ ಮೊದಲು ಬಿಟ್ಟುಹೋಗುವುದೂ ಅದೇ. ‘ದೇವರು ಕೊಟ್ಟರೂ ಪೂಜಾರಿ ಕೊಡ’ ಎಂಬ ಗಾದೆ ಕಚೇರಿಗಳ ಬಗ್ಗೆಯೇ ಹುಟ್ಟಿರಬೇಕು ಎನ್ನಿಸುವುದು ಇಂಥ ಕಡೆ. ಕಾನೂನು ಸವಲತ್ತು ಕೊಟ್ಟಿರುತ್ತದೆ, ಗಡುವು ಹಾಕಿರುತ್ತದೆ. ಆದರೆ ಬಂದವರು ನಿಂತೇ ಕಾಯಬೇಕಾದರೆ ಅವರು ಹಕ್ಕು ಕೇಳಲು ಬಂದವರಂತೆ ಕಾಣುವುದಿಲ್ಲ, ಬೇಡಲು ಬಂದವರಂತೆ ಕಾಣುತ್ತಾರೆ. ಕೆಲವು ಹೊತ್ತಿನ ನಂತರ ತಮಗೂ ಹಾಗೇ ಅನ್ನಿಸತೊಡಗುತ್ತದೆ.

ಬೆಂಗಳೂರಿನ ವಿಧಾನಸೌಧದ ನೆತ್ತಿಯ ಮೇಲೆ ‘ಸರ್ಕಾರದ ಕೆಲಸ ದೇವರ ಕೆಲಸ’ ಎಂದು ಕೆತ್ತಲಾಗಿದೆ. 1956ರಲ್ಲಿ ಮುಗಿದ ಆ ಭವ್ಯ ಕಟ್ಟಡದ ಸಂಪುಟ ಸಭೆಯ ಕೋಣೆಗೆ ಶ್ರೀಗಂಧದ ಬಾಗಿಲು. ಅಲ್ಲಿಂದ ಬಹುದೂರದ ಶೈಕ್ಷಣಿಕ ಜಿಲ್ಲೆಯೊಂದರ ಕಚೇರಿಗೆ ಶ್ರೀಗಂಧ ಬೇಕಿಲ್ಲ. ಸೋರದ ದಾಖಲೆ ಕೋಣೆ, ಗಟ್ಟಿಯಾದ ನಾಲ್ಕು ಬೀರು, ಬೆನ್ನಿಗೆ ಹಿತವಾದ ಕುರ್ಚಿಗಳು ಇದ್ದರೆ ಸಾಕು.

ಮತ್ತು ಪಾವಗಡದ ಕಡೆಯ ಹಳ್ಳಿಯಿಂದ ಬೆಳಗಿನ ಮೊದಲ ಬಸ್ಸು ಹತ್ತಿ ಬಂದ ಮೇಷ್ಟರು, ಸೇವಾ ಪುಸ್ತಕದ ಒಂದು ನಮೂದಿಗಾಗಿ ಕಾಯುವಾಗ, ಚೀಲವನ್ನು ಪಕ್ಕಕ್ಕಿಟ್ಟು ಕೂರಲು ಒಂದು ಬೆಂಚು. ಮುಂದಿನ ಸಲ ಲಾರಿಯಿಂದ ಮೊದಲು ಇಳಿಯುವುದು ಅದೇ ಆಗಲಿ.